ಗರಸಿನ ರಸ್ತೆ ಕಲಿಸುವ ಲೆಕ್ಕ

ಮಣ್ಣು, ಖಡಿ, ಕೆಸರಿನ ರಸ್ತೆಯಲ್ಲಿ ಒಬ್ಬೊಬ್ಬರಾಗಿ ಕಾರು ಓಡಿಸಿ, ಕಡಿಮೆ ವೇಳೆ ತೆಗೆದುಕೊಂಡವರು ಗೆಲ್ಲುವ ಸ್ಪರ್ಧೆಯೇ ರ‍್ಯಾಲಿ. ನಮ್ಮ ರಾಜ್ಯದ ಕೆ-1000 ರ‍್ಯಾಲಿಯೂ ಇಂಥದ್ದೇ. ಇದನ್ನು ಕಂಪ್ಯೂಟರಿಗೆ ತಂದ ಆಟಗಳಲ್ಲಿ 2004ರ ‘ರಿಚರ್ಡ್ ಬರ್ನ್ಸ್ ರ‍್ಯಾಲಿ’ ಹೆಸರಾದುದು. 2001ರ ವಿಶ್ವ ಚಾಂಪಿಯನ್ನನ ಹೆಸರು ಹೊತ್ತ ಈ ಹಳೆಯ ಆಟದ ಡೆಮೊವನ್ನು ಲಕಮನಹಳ್ಳಿಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಈಚೆಗೆ ಆಡಿ ನೋಡಿದೆ.

ಮೊದಲು ಮನಸ್ಸಿಗೆ ನಾಟಿದ್ದು ಕಾರಿನ ತೂಕ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರವಾಗಿಯೇ ಹೋಗಬಯಸುತ್ತದೆ, ಇದು ಜಡತ್ವ. ಅದನ್ನು ತಿರುಗಿಸುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ಬ್ರೇಕ್ ಜೋರಾಗಿ ಒತ್ತಿ ಗಾಲಿ ಉರುಳುವುದು ನಿಂತಿತೋ, ಕಾರು ಸ್ಟೀರಿಂಗಿನ ಮಾತು ಕೇಳುವುದಿಲ್ಲ.

ಮಕ್ಕಳೇ, ಲೆಕ್ಕ ಮಾಡಿ. ಘರ್ಷಣಾ ಗುಣಾಂಕ 0.4 ಇರುವ ಸಡಿಲ ಗರಸಿನ ಮೇಲೆ, ಗಂಟೆಗೆ 30 ಕಿ.ಮೀ. ವೇಗದ ವಾಹನ ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. 60 ಕಿ.ಮೀ.ಗೆ? 18 ಅಲ್ಲ, ಸುಮಾರು 35 ಮೀಟರ್! ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ.

ಪಾಲಕರಿಗೆ ಒಂದು ಮಾತು. ಆಟದಲ್ಲಿ ಮರಕ್ಕೆ ಬಡಿದರೆ ಗುಂಡಿ ಒತ್ತಿ ಮತ್ತೆ ಹೊರಡಬಹುದು. ನಿಜವಾದ ರ‍್ಯಾಲಿಯಲ್ಲಿ ಬೇರೆ ವಾಹನ ಬಾರದಂತೆ ರಸ್ತೆ ಮುಚ್ಚಿರುತ್ತಾರೆ. ಚಾಲಕನಿಗೆ ಹೆಲ್ಮೆಟ್ಟು, ಉಕ್ಕಿನ ಪಂಜರ, ತಿರುವನ್ನು ಮುಂಚೆಯೇ ಓದಿ ಹೇಳುವ ಜೊತೆಗಾರ ಇರುತ್ತಾನೆ. ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಲಾರಿಗಳ ನಡುವೆ ಬೈಕ್ ಹತ್ತಿ ಟ್ಯೂಶನ್ನಿಗೆ ಹೊರಟ ಹದಿನಾರರ ಹುಡುಗನಿಗೆ ಇವು ಯಾವುವೂ ಇಲ್ಲ. ಡೆಮೊ ಆಡಲಿ, ಲೆಕ್ಕವೂ ಕಲಿಯಲಿ. ಬೈಕಿನ ಕೀಲಿ ಮಾತ್ರ 18 ತುಂಬಿ ಲೈಸೆನ್ಸ್ ಬರುವವರೆಗೆ ನಿಮ್ಮ ಕಿಸೆಯಲ್ಲೇ ಇರಲಿ.