ಗ್ರಾಮಸಭೆಯಲ್ಲಿ ನಮ್ಮ ಸ್ಥಾನ ಬರಿದಾಗದಿರಲಿ

ಕಳವಾರದ ಬೆಟ್ಟದ ಸೀಮೆಯಲ್ಲಿ ವಾಸಿಸುವ ನಮಗೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ದೂರದ ಊರಲ್ಲ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿಯೇ, ಮೈಸೂರಿಗೆ ಪ್ರಜಾಪ್ರತಿನಿಧಿ ಸಭೆ ದೊರೆತಿತ್ತು. ಆದರೆ ಅದು ಅಹವಾಲು ಹೇಳಿಕೊಳ್ಳುವ ಸಭೆಯಾಗಿತ್ತೇ ಹೊರತು ಸರ್ಕಾರವನ್ನು ಹೊಣೆಯಾಗಿಸುವ ಸಭೆಯಾಗಿರಲಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂಬ ಬೇಡಿಕೆಗಾಗಿ ಈ ಮಣ್ಣಿನ ರೈತಾಪಿ ಜನ ರಕ್ತ ತೆತ್ತರು.

ಇಂದು ನಮ್ಮ ರಾಜ್ಯಕ್ಕೆ ಪ್ರತ್ಯೇಕ ಸಂವಿಧಾನವಿಲ್ಲ. ಆದರೂ 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿ ಮತ್ತು ಅದೇ ವರ್ಷದ ಕರ್ನಾಟಕದ ಪಂಚಾಯತ್ ಕಾಯ್ದೆ ನಮ್ಮ ಕೈಗೆ ಗ್ರಾಮಸಭೆಯೆಂಬ ಸಾಧನವನ್ನಿತ್ತಿವೆ. ಇದಕ್ಕೆ ಚುನಾಯಿತರಾಗಬೇಕಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಸದಸ್ಯರೇ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಮನೆ ಯಾರಿಗೆ, ಕೆಲಸ ಎಲ್ಲಿ, ಕುಡಿಯುವ ನೀರಿಗೆ ಏನು ಏರ್ಪಾಡು ಎಂಬುದನ್ನು ಅಲ್ಲಿಯೇ ಕೇಳಬಹುದು.

ನೇರ ಪ್ರಜಾಪ್ರಭುತ್ವದಲ್ಲಿ ದೋಷಗಳಿಲ್ಲವೆಂದಲ್ಲ. ಸ್ವಿಟ್ಜರ್‌ಲೆಂಡಿನ ಅಪೆನ್‌ಜೆಲ್ ಇನ್ನರ್‌ರೋಡನ್ ಕಥೋಲಿಕರೇ ಬಹುಸಂಖ್ಯಾತರಾಗಿರುವ ಪ್ರಾಂತ್ಯ. ಅಲ್ಲಿ ಜನರು ಬಯಲಲ್ಲಿ ನೆರೆದು ಕೈಯೆತ್ತಿ ಶಾಸನ ಮಾಡುತ್ತಾರೆ. ಆದರೆ ಆ ಪುರುಷರ ಸಭೆ 1990ರವರೆಗೂ ಹೆಂಗಸರಿಗೆ ಮತಾಧಿಕಾರವನ್ನು ನಿರಾಕರಿಸಿತು. ಕೊನೆಗೆ ಉಚ್ಚ ನ್ಯಾಯಪೀಠವೇ ಆಜ್ಞಾಪಿಸಬೇಕಾಯಿತು. ಅದಕ್ಕೂ ಮುನ್ನವೇ, ಅಬ್ದುಲ್ ನಜೀರ್ ಸಾಬರು ಶ್ರಮಿಸಿ ತಂದ 1983ರ ಕಾಯ್ದೆಯಂತೆ, 1987ರ ಚುನಾವಣೆಯಲ್ಲಿ ಕರ್ನಾಟಕವು ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಿರಿಸಿತ್ತು. ಜನರು ನೆರೆದರಷ್ಟೇ ಸಾಲದು, ಎಲ್ಲರೂ ನೆರೆಯಬೇಕೆಂಬುದೇ ಇದರ ಪಾಠ.

ಹಾಗಿದ್ದೂ ನಾವೆಲ್ಲಿದ್ದೇವೆ? ನಲ್ಲಿಯಲ್ಲಿ ನೀರು ಬಾರದಿದ್ದರೆ, ಸ್ಮಶಾನಕ್ಕೆ ಜಾಗ ಸಾಲದಿದ್ದರೆ ಧರ್ಮಕೇಂದ್ರದ ಗುರುಗಳ ಬಾಗಿಲಿಗೆ ಹೋಗುತ್ತೇವೆ. ಗುರುಗಳು ಅಧಿಕಾರಿಗಳ ಬಾಗಿಲಿಗೆ ಹೋಗಬೇಕು. ಕೆಳಗಿನವರು ತಾವೇ ಮಾಡಬಲ್ಲುದನ್ನು ಮೇಲಿನವರು ಕಸಿದುಕೊಳ್ಳಬಾರದೆಂದು ಜಗದ್ಗುರು ಹನ್ನೊಂದನೆಯ ಭಕ್ತಿನಾಥರು 1931ರಲ್ಲಿಯೇ ಬೋಧಿಸಿದ್ದರು. ನಾವಾದರೋ ನಮ್ಮ ಪಾಲಿನ ಹೊಣೆಯನ್ನು ನಾವಾಗಿಯೇ ಮೇಲಿನವರ ಹೆಗಲಿಗೇರಿಸುತ್ತಿದ್ದೇವೆ.

“ಅಲ್ಲಿ ನಡೆಯುವುದು ದೊಡ್ಡವರ ಮಾತೇ, ನಾವು ನಾಲ್ಕು ಮನೆಯವರು ಹೋಗಿ ಆಗುವುದೇನು?” ಎಂಬ ಮಾತನ್ನು ನಾವು ಕೇಳಿದ್ದೇವೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಸಭೆ ಸೇರದೆಯೇ ಪುಸ್ತಕದಲ್ಲಿ ಸಹಿ ಬೀಳುವುದೂ ಉಂಟು. ಆದರೆ ಬರಿದಾದ ಜಮಖಾನೆಯಿಂದ ಲಾಭವಾಗುವುದು ಆ ದೊಡ್ಡವರಿಗೇ. ಸಂಖ್ಯೆಯಲ್ಲಿ ಅಲ್ಪರಾದ ನಮಗೆ ಚುನಾವಣೆಯಲ್ಲಿ ಗೆಲುವು ಕಷ್ಟ; ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸಲು ಒಬ್ಬರೇ ಸಾಕು.

ಆದುದರಿಂದ ನಮ್ಮ ಸಲಹೆ ಇಷ್ಟು. ಗ್ರಾಮಸಭೆಯ ದಿನಾಂಕವನ್ನು ಭಾನುವಾರದ ಬಲಿಪೂಜೆಯ ನಂತರ ಪ್ರಕಟಿಸಲಿ. ಮನೆಗೊಬ್ಬರಾದರೂ ಹೋಗಲಿ, ತಾಯಂದಿರು ತಪ್ಪದೆ ಹೋಗಲಿ. ಹೋದವರು ಮೊದಲು ಕೇಳಬೇಕಾದುದು ನಮ್ಮ ಸ್ಮಶಾನದ ಜಾಗವನ್ನಲ್ಲ, ಊರಿನ ಕೆರೆಯನ್ನು, ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರಿಗೆ ಪರಿಹಾರವನ್ನು. ನೆರೆಯವರಿಗಾಗಿ ಬಾಯಿ ತೆರೆದವರ ಸ್ವಂತ ಅಹವಾಲಿಗೂ ಊರು ಕಿವಿಗೊಡುತ್ತದೆ.