ಕೆಂಪು ಪೆನ್ನು ಯಾರ ಕೈಯಲ್ಲಿರಬೇಕು?

ಶಿವಮೊಗ್ಗ, ಭದ್ರಾವತಿಯ ಹೈಸ್ಕೂಲುಗಳಲ್ಲಿ ಕನ್ನಡ ಮೇಷ್ಟ್ರ ಮೇಜಿನ ಮೇಲೆ ಪ್ರಬಂಧದ ನೋಟ್‌ಬುಕ್ಕುಗಳ ರಾಶಿ ಬಿತ್ತೆಂದರೆ ಅವರ ಭಾನುವಾರ ಮುಗಿದಂತೆಯೇ. ಅಷ್ಟೂ ತಪ್ಪಿಗೆ ಕೆಂಪು ಶಾಯಿ ಬಳಿದು ವಾಪಸು ಕೊಟ್ಟರೆ ಮಕ್ಕಳು ನೋಡುವುದು ಅಂಕವನ್ನಷ್ಟೇ. ಮುಂದಿನ ಸಲ ಅದೇ ತಪ್ಪು ಮತ್ತೆ ಹಾಜರ್. ಅದರ ಬದಲು ತಪ್ಪಿರುವ ಸಾಲಿನ ಪಕ್ಕ ಬರೀ ಒಂದು ಚುಕ್ಕೆ ಇಟ್ಟು, ‘ಹುಡುಕಿ ತಿದ್ದಿಕೊಂಡು ಬಾ, ಆಮೇಲೆ ಅಂಕ’ ಎನ್ನಬೇಕು. ಮಕ್ಕಳು ಹುಡುಕುವುದು ಮೂರು ಸುತ್ತಿನಲ್ಲಿ. ಮೊದಲ ಸುತ್ತು ಕಿವಿಯದು. ‘ಜಾತ್ರೆಗೆ ಸುತ್ತಲಿನ ಹಳ್ಳಿಗಳ ಜನರು ಬರುತ್ತದೆ’ ಎಂದು ಬರೆದ ಹುಡುಗಿ ಗಟ್ಟಿಯಾಗಿ ಓದಿದೊಡನೆ ತಾನೇ ತಡವರಿಸಿ ‘ಬರುತ್ತಾರೆ’ ಎಂದು ತಿದ್ದುತ್ತಾಳೆ. ಆದರೆ ಕಿವಿಯನ್ನು ಪೂರ್ತಿ ನಂಬುವ ಹಾಗಿಲ್ಲ. 1923ರ ಕಬ್ಬಿಣದ ಕಾರ್ಖಾನೆ, 1936ರ ಕಾಗದದ ಕಾರ್ಖಾನೆ ದೂರದೂರದ ಜನರನ್ನು ಕರೆತಂದ ಭದ್ರಾವತಿಯಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕನ್ನಡ ಮನೆಮಾತಿನ ಎಷ್ಟೋ ಮಕ್ಕಳ ನಾಲಗೆಯಲ್ಲೂ ಮಹಾಪ್ರಾಣ ಸವೆದಿದೆ. ಊರಿನ ಹೆಸರನ್ನೇ ‘ಬದ್ರಾವತಿ’ ಎಂದು ಬರೆದವನಿಗೆ ಎಷ್ಟು ಸಲ ಓದಿದರೂ ತಪ್ಪು ಕೇಳಿಸದು. ಅದಕ್ಕೇ ಎರಡನೆಯ ಸುತ್ತು ಕಣ್ಣಿನದು: ಕೊನೆಯ ಸಾಲಿನಿಂದ ಮೇಲಕ್ಕೆ, ಅರ್ಥದ ಗೊಡವೆ ಬಿಟ್ಟು, ಅಕ್ಷರವನ್ನಷ್ಟೇ ನೋಡುವುದು, ಅನುಮಾನ ಬಂದರೆ ಪಠ್ಯಪುಸ್ತಕವೋ ನಿಘಂಟೋ ತೆರೆಯುವುದು. ಮೂರನೆಯ ಸುತ್ತಿನಲ್ಲಿ, ತೆಗೆದರೂ ಅರ್ಥ ಕೆಡದ ವಾಕ್ಯಕ್ಕೆ ಗೆರೆ ಎಳೆಯುವುದು. ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನುವ ಮೇಷ್ಟ್ರುಗಳು ತಿಂಗಳಿಗೆ ನಾಲ್ಕು ಪ್ರಬಂಧ ಬರೆಸುವ ಬದಲು ಎರಡನ್ನೇ ಬರೆಸಿ, ಅವನ್ನೇ ಮತ್ತೆ ತಿದ್ದಿಸಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ಉತ್ತರಪತ್ರಿಕೆ ತಿರುವಿ ನೋಡುವಾಗ ಮಕ್ಕಳ ನೆರವಿಗೆ ಬರುವುದು ಈ ರೂಢಿಯೇ ಹೊರತು ಮೇಷ್ಟ್ರ ಕೆಂಪು ಶಾಯಿಯಲ್ಲ.