ಕೀಲಿಕೈ ಇದ್ದವನಿಗೇ ಬಾಗಿಲು ಬಂದ್

ಬರೀಬೇಕು ಬರೀಬೇಕು ಅಂತ ಮೂರು ತಿಂಗಳಿಂದ ಅಂದ್ಕೊಳ್ತಾನೇ ಇದ್ದೆ. ಆಫೀಸಿನ ರಿಲೀಸು, ಶನಿವಾರದ ನಿದ್ದೆ, ಭಾನುವಾರದ ಬಟ್ಟೆ... ನೆಪಗಳಿಗೇನು ಬರ. ಹೋದ ವಾರ ಊರಿಗೆ ಹೋಗಿ ಬಂದ ಮೇಲೆ ಮಾತ್ರ ಇನ್ನು ಬರೆಯದೇ ಇದ್ರೆ ಸಮಾಧಾನ ಇಲ್ಲ ಅನ್ನಿಸ್ತು.

ನಮ್ಮೂರು ಬೈಲಹೊಂಗಲ. ಅಲ್ಲಿ ನಮ್ಮ ಕಾಕಾನದೊಂದು ಡಿಟಿಪಿ ಅಂಗಡಿ ಇದೆ, ಇಪ್ಪತ್ತು ವರ್ಷದ ಮೇಲಾಯ್ತು. ಸವದತ್ತಿ ಯಲ್ಲಮ್ಮನ ಜಾತ್ರೆಯ ಹ್ಯಾಂಡ್‌ಬಿಲ್ಲು, ಸೊಸೈಟಿಗಳ ವಾರ್ಷಿಕ ವರದಿ, ಅರಳೆ ಅಂಗಡಿಗಳ ಬಿಲ್ ಬುಕ್ಕು, ಲೆಕ್ಕವಿಲ್ಲದಷ್ಟು ಲಗ್ನಪತ್ರಿಕೆ. ಎಲ್ಲವೂ ಒಂದೇ ಪೆಂಟಿಯಂ ಮಷಿನ್ನಿನಲ್ಲಿ. ವಿಂಡೋಸ್ 98, ಪೇಜ್‌ಮೇಕರ್, ಜೊತೆಗೆ ಕಾಸು ಕೊಟ್ಟು ತಂದ ಒಂದು ಕನ್ನಡ ಲಿಪಿ ತಂತ್ರಾಂಶ. ಆ ತಂತ್ರಾಂಶಕ್ಕೊಂದು ಡಾಂಗಲ್. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸೋ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ. ಅದು ಕಂಡ ಮೇಲೇ ತಂತ್ರಾಂಶ ತನ್ನ ಅಕ್ಷರಗಳನ್ನ ಹೊರಗೆ ಬಿಡ್ತಿತ್ತು. ಕಾಣದಿದ್ರೆ ಪರದೆ ಮೇಲೆ ಬರೀ ಇಂಗ್ಲಿಷ್ ಕಸ. ಕಾಕಾ ಅದಕ್ಕೆ "ತಾಳಿ" ಅಂತಿದ್ರು, ತೆಗೆದ್ರೆ ಸಂಸಾರ ಮುಗೀತು ಅಂತ :-)

ಎರಡು ವರ್ಷದ ಹಿಂದೆ ಆ ತಾಳಿ ಸತ್ತುಹೋಯ್ತು. ಮಷಿನ್ ಚೆನ್ನಾಗೇ ಇತ್ತು, ಹಾರ್ಡ್ ಡಿಸ್ಕೂ ಚೆನ್ನಾಗೇ ಇತ್ತು. ಡಾಂಗಲ್ ಮಾತ್ರ ಇಲ್ಲ. ಕಂಪನಿಗೆ ಫೋನ್ ಮಾಡಿದ್ರೆ "ಆ ಆವೃತ್ತಿಗೆ ಈಗ ಸಪೋರ್ಟ್ ಇಲ್ಲ, ಹೊಸದು ತಗೊಳ್ಳಿ" ಅಂದ್ರು. ಹೊಸದರಲ್ಲಿ ಹಳೇ ಕಡತ ಸರಿಯಾಗಿ ತೆರೆಯುತ್ತಾ ಅಂತ ಕೇಳಿದ್ರೆ ಫೋನಿನ ಆ ಕಡೆ ಮೌನ.

ಅದೇ ಹೊತ್ತಿಗೆ ರಾಮದುರ್ಗದಿಂದ ರಿಟೈರ್ ಆದ ಮಾಸ್ತರೊಬ್ಬರು ಅಂಗಡಿಗೆ ಬಂದ್ರು. ಸುತ್ತಮುತ್ತಲ ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಬೀಸುವ ಹಾಡು, ಸೋಬಾನ ಪದಗಳನ್ನ ವರ್ಷಗಟ್ಟಲೆ ಕೂಡಿಸಿ ಕಾಕಾನ ಹತ್ರಾನೇ ಪುಸ್ತಕ ಮಾಡಿಸಿದ್ರು. ಈಗ ಎರಡನೇ ಮುದ್ರಣ ಬೇಕು. ಕೈಬರಹದ ವಹಿಗಳು ಮಳೆನೀರಿಗೆ ಹೋಗಿವೆ. ಹಾಡಿದ ಮುದುಕಿಯರಲ್ಲಿ ಈಗ ಇರೋರು ಒಬ್ಬಿಬ್ಬರು.

"ಪುಸ್ತಕ ಇದರಾಗ ಐತಿ ಅಲ್ಲ, ಮತ್ತ್ಯಾಕ ತಗ್ಯಾಕ ಬರವಲ್ದು?" ಅಂದ್ರು ಮಾಸ್ತರು.

"ಐತ್ರಿ ಸರ್, ಆದ್ರ ಕೀಲಿ ಹಾಕಿ ಐತ್ರಿ," ಅಂದ್ರು ಕಾಕಾ.

"ನೀ ರೊಕ್ಕಾ ಕೊಟ್ಟು ತಂದಿಲ್ಲನ?"

"ಕೊಟ್ಟೇ ತಂದೀನ್ರಿ. ಅದಕ್ಕ ಹಿಂಗಾಗೇದ."

ಆ ಕೊನೇ ಮಾತು ತಮಾಷೆಗೆ ಹೇಳಿದ್ದಲ್ಲ. ಆಚೆ ಓಣಿಯ ಅಂಗಡಿಯಲ್ಲಿ ಅದೇ ತಂತ್ರಾಂಶದ ಕ್ರ್ಯಾಕ್ ಪ್ರತಿ ಡಾಂಗಲ್ಲೇ ಇಲ್ಲದೆ ಇವತ್ತಿಗೂ ನಡೀತಿದೆ. ಕದ್ದವನ ಕೆಲಸ ನಡೀತಿದೆ, ಕೊಂಡವನ ಕೆಲಸ ನಿಂತಿದೆ. ನಾನು ಇವತ್ತು ಹೇಳಬೇಕು ಅಂದುಕೊಂಡದ್ದೆಲ್ಲ ಇಷ್ಟರಲ್ಲೇ ಇದೆ.

ಈ ಕಥೆ ನನಗೆ ಇಷ್ಟು ನಾಟೋಕೆ ಇನ್ನೊಂದು ಕಾರಣ ಇದೆ. ನನಗೊಂದು ವಿಚಿತ್ರ ಹುಚ್ಚು. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗಿಂದ ನನ್ನ ಲ್ಯಾಪ್‌ಟಾಪಿನೊಳಗೆ ಒಂದು ವ್ಯಾಕ್ಸ್ ಕಂಪ್ಯೂಟರ್ ಸಾಕಿಕೊಂಡಿದೀನಿ. ನಿಜವಾದ ವ್ಯಾಕ್ಸ್ ಅಲ್ಲ, ಸಿಮ್‌ಹೆಚ್ ಅನ್ನೋ ಎಮ್ಯುಲೇಟರ್. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1977ರಲ್ಲಿ ತಂದ ವ್ಯಾಕ್ಸ್, ಅದರ ಮೇಲೆ ಓಡೋ ವಿಎಂಎಸ್. ಅದರಲ್ಲಿ ಕಡತ ತಿದ್ದಿ ಉಳಿಸಿದ್ರೆ ಹಳೇದು ಅಳಿಯಲ್ಲ. ಹೆಸರಿನ ಮುಂದೆ ಒಂದು, ಎರಡು, ಮೂರು ಅಂತ ಸಂಖ್ಯೆ ಹಚ್ಚಿಕೊಂಡು ಎಲ್ಲವೂ ಉಳೀತವೆ. ನಾವೇ ಅಳಿಸೋವರೆಗೂ ಅಜ್ಜ, ಅಪ್ಪ, ಮೊಮ್ಮಗ ಒಂದೇ ಮನೆಯಲ್ಲಿ.

ಇದೇನು ಅಮೆರಿಕದ ಹಳೇ ಸಾಮಾನು, ನಮಗ್ಯಾಕೆ ಅನ್ನಬೇಡಿ. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಯಾವ ಊರಿಗೂ ರೈಲಿಲ್ಲ; ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಹತ್ತಬೇಕು. ಆದ್ರೆ ಅಲ್ಲಿನ ಕೌಂಟರಿನಲ್ಲಿ ಕಾಯ್ದಿರಿಸಿದ ಟಿಕೆಟ್ಟಿನ ಹಿಂದೆ ವರ್ಷಗಟ್ಟಲೆ ಇದ್ದದ್ದು ಇದೇ ವಿಎಂಎಸ್. 1980ರ ದಶಕದಲ್ಲಿ ಸಿಎಂಸಿ ಸಂಸ್ಥೆ ದೆಹಲಿಯಲ್ಲಿ ಶುರುಮಾಡಿದ ರೈಲ್ವೆ ಬುಕಿಂಗ್ ನಡೆದದ್ದು ವ್ಯಾಕ್ಸ್ ಮೇಲೆ. ಮುಂದೆ 1990ರ ದಶಕದ ಕೊನೆಗೆ ದೇಶದ ಕೇಂದ್ರಗಳನ್ನೆಲ್ಲ ಜೋಡಿಸಿದ ಕಾನ್ಸರ್ಟ್ ವ್ಯವಸ್ಥೆಯೂ ಅದೇ ಕುಟುಂಬದ್ದು. ಇನ್ನೂ ಹತ್ತಿರದ ಸಂಬಂಧ ಬೇಕಾ? 2009ರಲ್ಲಿ ಎಚ್‌ಪಿ ಈ ಓಪನ್‌ವಿಎಂಎಸ್ ಅಭಿವೃದ್ಧಿಯನ್ನ ಅಮೆರಿಕದಿಂದ ಬೆಂಗಳೂರಿಗೆ ತಂತು. 2010ರಲ್ಲಿ ಹೊರಬಂದ 8.4 ಆವೃತ್ತಿಯಲ್ಲಿ ನಮ್ಮ ಬೆಂಗಳೂರಿನ ಇಂಜಿನಿಯರುಗಳ ಬೆವರಿದೆ. ನಮ್ಮ ಕನ್ನಡ ಪುಸ್ತಕಗಳಲ್ಲಿ ಇದರ ಬಗ್ಗೆ ಒಂದು ಸಾಲೂ ನಾನು ಓದಿಲ್ಲ. ಐಟಿ ಬಗ್ಗೆ ಬರೆಯೋವಾಗ ನಾವು ಕಟ್ಟಡಗಳ ಫೋಟೋ ಹಾಕ್ತೀವಿ, ಒಳಗೆ ಏನು ಮಾಡಿದ್ರು ಅಂತ ಬರೆಯಲ್ಲ.

ಈ ವಿಎಂಎಸ್ ಓಡಬೇಕಾದ್ರೆ ಲೈಸೆನ್ಸ್ ಬೇಕು. ಪಾಕ್ ಅಂತ ಕರೀತಾರೆ (ಪಾಕಿಸ್ತಾನ ಅಲ್ಲ, ಮಂಡಕ್ಕಿ ಉಂಡೆದೂ ಅಲ್ಲ!). ಕೊಟ್ಟವರು ಯಾರು, ಯಾವ ಉತ್ಪನ್ನ, ಯಾವತ್ತು ಮುಗಿಯುತ್ತೆ, ಕೊನೆಗೆ ಒಂದು ಚೆಕ್‌ಸಮ್. ಒಂದು ಅಕ್ಷರ ತಪ್ಪಿದ್ರೂ ಒಪ್ಪಲ್ಲ. ಅವಧಿ ಮುಗಿದ್ರೆ ಮಷಿನ್ ಸಾಯಲ್ಲ, ಆದ್ರೆ ಕನ್ಸೋಲಿನಲ್ಲಿ ಕೂತವನನ್ನ ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡಲ್ಲ. ದೊಡ್ಡ ವಾಡೆಯಲ್ಲಿ ಒಬ್ಬರೇ ಉಳಿದ ಅಜ್ಜಿ ಹಾಗೆ.

ನಾನು ಹುಟ್ಟಿದ ವರ್ಷ, 1997ರಲ್ಲೇ, ಹವ್ಯಾಸಿಗಳಿಗೆ ಉಚಿತ ಲೈಸೆನ್ಸ್ ಕೊಡೋ ಪದ್ಧತಿ ಶುರುವಾಗಿತ್ತು. ವ್ಯಾಪಾರಕ್ಕೆ ಬಳಸಬಾರದು, ವರ್ಷಕ್ಕೊಮ್ಮೆ ನವೀಕರಿಸಬೇಕು, ಅಷ್ಟೇ. ಡಿಜಿಟಲ್ ಹೋಗಿ ಕಾಂಪ್ಯಾಕ್ ಬಂತು, ಕಾಂಪ್ಯಾಕ್ ಹೋಗಿ ಎಚ್‌ಪಿ ಬಂತು, ಪದ್ಧತಿ ಉಳೀತು. 2014ರಲ್ಲಿ ಮುಂದಿನ ಅಭಿವೃದ್ಧಿಯ ಹೊಣೆ ವಿಎಂಎಸ್ ಸಾಫ್ಟ್‌ವೇರ್ ಅನ್ನೋ ಹೊಸ ಕಂಪನಿಗೆ ಹೋಯ್ತು. ಎಚ್‌ಪಿಇ 2020ರಲ್ಲಿ ಹವ್ಯಾಸಿ ಲೈಸೆನ್ಸ್ ಕೊಡೋದನ್ನ ನಿಲ್ಲಿಸಿತು, ಕೊನೆಯ ಕೀಲಿಕೈಗಳ ಅವಧಿ 2021ರ ಕೊನೆಗೆ ಮುಗೀತು. ಹೊಸ ಕಂಪನಿ ತನ್ನದೇ ಉಚಿತ ಯೋಜನೆ ತಂತು, ಆದ್ರೆ ಅದರಲ್ಲಿ ವ್ಯಾಕ್ಸ್ ಇರಲಿಲ್ಲ. 2024ರ ಮಾರ್ಚಿನಲ್ಲಿ ಆಲ್ಫಾ, ಇಟಾನಿಯಂ ಮಷಿನ್ನುಗಳಿಗೂ ಹವ್ಯಾಸಿ ಲೈಸೆನ್ಸ್ ಇನ್ನು ಇಲ್ಲ ಅಂತ ಹೇಳಿ, ಇವತ್ತಿನ ಪಿಸಿ ಪ್ರೊಸೆಸರಿನ ಆವೃತ್ತಿಯನ್ನಷ್ಟೇ ವರ್ಷದ ಕೀಲಿಕೈ ಜೊತೆ ಸಿದ್ಧ ಪ್ಯಾಕೇಜಾಗಿ ಕೊಡೋಕೆ ಶುರುಮಾಡ್ತು.

ಇದರಲ್ಲಿ ನನಗೆ ಯಾರೂ ಮೋಸ ಮಾಡಿಲ್ಲ. ಮೊದಲೇ ಹೇಳಿದ್ರು, ಅವರ ಮಾಲು ಅವರದು. ಅರ್ಜಿ ನೋಡೋದು, ಕೀಲಿಕೈ ಕಳಿಸೋದು, ಕಾಸಿಲ್ಲದ ಜನರ ಪ್ರಶ್ನೆಗೆ ಉತ್ತರ ಕೊಡೋದು ಹೊರೆ ಅನ್ನೋದೂ ಸರಿ. ನಾನೂ ಸಪೋರ್ಟ್ ಟಿಕೆಟ್ ನೋಡಿ ಸಂಬಳ ತಗೊಳ್ಳೋನೇ, ಗೊತ್ತು.

ಆದ್ರೆ ಹೊರೆ ಇರೋದು ಮುಗಿಯೋ ದಿನಾಂಕದಲ್ಲಿ! ಮುಗಿಯದ ಒಂದು ಕೀಲಿಕೈ ಒಂದೇ ಸಲ ಕೊಟ್ಟು ಕೈ ತೊಳ್ಕೊಂಡ್ರೆ ನವೀಕರಣವೂ ಇಲ್ಲ, ಅರ್ಜಿಯೂ ಇಲ್ಲ. ವ್ಯಾಕ್ಸ್ ವಿಎಂಎಸ್‌ನ ಕೊನೇ ಆವೃತ್ತಿ 7.3 ಬಂದದ್ದು 2001ರಲ್ಲಿ. ಅದನ್ನ ಹವ್ಯಾಸಿ ಓಡಿಸಿದ್ರೆ ಯಾರ ಗಿರಾಕಿ ತಪ್ಪುತ್ತಾನೆ? ಮನಸ್ಸು ಮಾಡಿದವರು ಮಾಡಿ ತೋರಿಸಿದ್ದಾರೆ. 2002ರಲ್ಲಿ ಕಾಲ್ಡೆರಾ ಕಂಪನಿ ಹಳೇ ಯುನಿಕ್ಸ್ ಆವೃತ್ತಿಗಳನ್ನ ಮುಕ್ತ ಮಾಡ್ತು. ಮೈಕ್ರೋಸಾಫ್ಟ್ ಹಳೇ ಡಾಸ್‌ನ ಮೂಲ ಸಂಕೇತವನ್ನ 2018ರಲ್ಲಿ, ಡಾಸ್ 4ರದ್ದನ್ನ 2024ರಲ್ಲಿ ಮುಕ್ತ ಲೈಸೆನ್ಸಿನಡಿ ಕೊಟ್ಟಿತು. ಇಬ್ಬರ ಮನೆಯೂ ಮುಳುಗಲಿಲ್ಲ.

ಮುಗಿಯೋ ದಿನಾಂಕ ಕಳ್ಳನನ್ನ ತಡೆಯುತ್ತಾ ಅಂದ್ರೆ, ಅದೂ ಇಲ್ಲ. ಎಮ್ಯುಲೇಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿದ್ರೆ ವಿಎಂಎಸ್ ನಂಬುತ್ತೆ. ಹಾಗೆ ಮಾಡೋರಿಗೆ ಇವತ್ತೂ 2021ರ ಡಿಸೆಂಬರೇ. ಮಾಡದ ನಾನು ಕನ್ಸೋಲಿನ ಮುಂದೆ ಒಬ್ಬನೇ. ಕಾಕಾನ ಅಂಗಡಿ ಮತ್ತು ಆಚೆ ಓಣಿಯ ಅಂಗಡಿಯ ಕಥೆಯೇ ಇಲ್ಲೂ. ಪ್ರಾಮಾಣಿಕರನ್ನ ಮಾತ್ರ ಹಿಡಿಯೋ ಕೀಲಿಗೆ ಕೀಲಿ ಅನ್ನಬಹುದಾ?

ಕಾನೂನು ಇದನ್ನ ಯೋಚಿಸಿಯೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ 2003ರಲ್ಲೇ ಕೆಟ್ಟುಹೋದ, ಬಳಕೆ ತಪ್ಪಿದ ಡಾಂಗಲ್ ದಾಟೋದಕ್ಕೆ ವಿನಾಯಿತಿ ಇತ್ತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ನ್ಯಾಯವಾಗಿ ಪಡೆದವನಿಗೆ ತಂತ್ರಾಂಶದ ಕಾಪುಪ್ರತಿ ಮಾಡ್ಕೊಳ್ಳೋಕೆ ಬಿಡುತ್ತೆ. 2012ರಲ್ಲಿ ಸೇರಿಸಿದ 65ಎ ಸೆಕ್ಷನ್, ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಕೀಲಿ ಮುರಿಯೋದನ್ನ ಅಪರಾಧ ಅನ್ನುತ್ತೆ. ಆದ್ರೆ ಮಾರೋದು ನಿಲ್ಲಿಸಿದ ಮೇಲೆ ಕೀಲಿ ಬಿಚ್ಚಿ ಕೊಡು ಅಂತ ಮಾಲೀಕನಿಗೆ ಯಾವ ಸೆಕ್ಷನ್ನೂ ಹೇಳಲ್ಲ. ನನ್ನ ಪ್ರಕಾರ ಅದು ಬೇಕು. ಕನಿಷ್ಠ ಪಕ್ಷ ಸರ್ಕಾರ, ಶಾಲೆ, ಸೊಸೈಟಿಗಳಿಗೆ ಮಾರೋ ತಂತ್ರಾಂಶದ ಕರಾರಿನಲ್ಲಾದ್ರೂ "ಸಪೋರ್ಟ್ ನಿಲ್ಲಿಸಿದ ದಿನ ಕೀಲಿ ತೆಗೆಯತಕ್ಕದ್ದು" ಅಂತ ಒಂದು ಸಾಲು ಇರಲಿ.

ಕಿತ್ತೂರಿನ ದತ್ತು ಮಗನಿಗೆ "ನಮ್ಮ ಅನುಮತಿ ಇಲ್ಲ" ಅಂದದ್ದೂ ಒಂದು ಕಂಪನಿಯೇ, 1824ರಲ್ಲಿ. ಹೋಲಿಕೆ ಅತಿಯಾಯ್ತು, ಒಪ್ಕೋತೀನಿ :-) ಚೆನ್ನಮ್ಮನ ಸಮಾಧಿ ಇರೋ ಊರಿನವನು, ಅಷ್ಟೂ ಹೇಳದಿದ್ರೆ ಹೆಂಗೆ?

ಮಾಸ್ತರ ಪುಸ್ತಕ ಏನಾಯ್ತು ಅಂತೀರಾ? ಸವದತ್ತಿಯಲ್ಲಿ ಕಾಕಾನ ಗೆಳೆಯರೊಬ್ಬರು ಅಂಗಡಿ ಮುಚ್ಚಿ ಹತ್ತು ವರ್ಷ ಆಗಿತ್ತು. ಅವರ ಅಟ್ಟದ ಮೇಲೆ ಅದೇ ತಂತ್ರಾಂಶದ ಮಷಿನ್, ಡಾಂಗಲ್ ಸಮೇತ! ಧೂಳು ಝಾಡಿಸಿ, ಕಾಕಾನ ಹಾರ್ಡ್ ಡಿಸ್ಕನ್ನ ಅದಕ್ಕೆ ಜೋಡಿಸಿ, ಪಠ್ಯ ಹೊರತೆಗೆದು, ಯುನಿಕೋಡಿಗೆ ತಿರುಗಿಸೋಕೆ ನಾನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಹಳೇ ಲಿಪಿಯಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತೆ, ಯುನಿಕೋಡಿನಲ್ಲಿ ಆ ರೇಫ ಮುಂಚೆ ಬರಬೇಕು; ಅದೊಂದನ್ನ ಸರಿಮಾಡೋಕೇ ಎರಡು ರಾತ್ರಿ ಹೋಯ್ತು. ಉಳಿದ ತಪ್ಪುಗಳನ್ನ ಮಾಸ್ತರೇ ಕನ್ನಡಕ ಏರಿಸಿಕೊಂಡು ತಿದ್ದಿದ್ರು. ಹೋದ ವಾರ ಹೊಸ ಮುದ್ರಣ ಕೈಗೆ ಬಂತು. ಒಂದು ಪ್ರತಿ ನನಗೂ ಕೊಟ್ಟು "ತಮ್ಮಾ, ಇದು ಮತ್ತ ಕೀಲಿಯಾಗ ಸಿಗಂಗಿಲ್ಲಲ?" ಅಂತ ಕೇಳಿದ್ರು. ಇಲ್ಲ ಸರ್, ಈಗ ಯಾವ ಮಷಿನ್ನಿನಲ್ಲಾದ್ರೂ ತೆರೆಯುತ್ತೆ ಅಂದೆ.

ಆದ್ರೆ ಆ ಅಟ್ಟ ಸಿಕ್ಕದ್ದು ಪುಣ್ಯ, ವ್ಯವಸ್ಥೆ ಅಲ್ಲ. ನಮ್ಮ ನಾಲ್ಕು ತಾಲೂಕಿನ ಎಷ್ಟು ಅಂಗಡಿಗಳಲ್ಲಿ ಇನ್ನೆಷ್ಟು ಪುಸ್ತಕ, ವರದಿ, ವಚನ ಸಂಗ್ರಹ ಒಂದೊಂದು ಡಾಂಗಲ್ಲಿನ ಉಸಿರಿಗೆ ನೇತುಬಿದ್ದಿವೆಯೋ. ಕಾನೂನು ಬರೋವರೆಗೆ ಕಾಯಬೇಡಿ. ನಿಮ್ಮೂರಲ್ಲಿ ಅಂಥ ಅಂಗಡಿ ಇದ್ರೆ, ಡಾಂಗಲ್ ಜೀವಂತ ಇದ್ದಾಗಲೇ ಒಂದು ಭಾನುವಾರ ಹೋಗಿ ಕೂತು ಕಡತಗಳನ್ನ ಹೊರತೆಗೆಯಿರಿ. ನುಡಿ, ಬರಹದ ಕಡತಗಳಾದ್ರೆ ಯುನಿಕೋಡ್ ಪರಿವರ್ತಕಗಳು ಉಚಿತವಾಗೇ ಸಿಗ್ತವೆ.

ಮತ್ತೆ ಯಾವುದಾದ್ರೂ ಅಟ್ಟದ ಮೇಲೆ ಹಳೇ ಮಷಿನ್ ಕಂಡ್ರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹಿಂದೆ ಪ್ರಿಂಟರ್ ಪೋರ್ಟಿಗೆ ಪುಟ್ಟ ಡಬ್ಬಿ ಸಿಕ್ಕಿಸಿದೆಯಾ ಅಂತ ಮೊದಲು ನೋಡಿ.